ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಪೂರ್ತಿ ಕಾಫಿ

ಕಾಫಿ ಬಗ್ಗೆ ಏನ್ ಬೇಕಾದ್ರೂ ಕೇಳಿ ಅಂತ ಹೋದ ಸಂಚಿಕೇಲಿ ಹೇಳಿದ್ವಿ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡಿಕಾಕ್ಷನ್ ಮತ್ತೆ ಚಿಕೋರಿದೇ, ಹಾಗಾಗಿ ಅವೆರಡಕ್ಕೆ ಸ್ವಲ್ಪ ಉದ್ದ ಬರೆದಿದೀನಿ.

ಪ್ರಶ್ನೆ: ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಒಂದಿನ ನೀರ್ನೀರಾಗಿ ಬರುತ್ತೆ, ಇನ್ನೊಂದಿನ ಇಳಿಯೋದೇ ಇಲ್ಲ, ರಾತ್ರಿ ಹಾಕಿದ್ದು ಬೆಳಿಗ್ಗೆನೂ ಮೇಲೇ ನಿಂತಿರುತ್ತೆ. ಏನ್ ಮಾಡ್ಲಿ? (ದಾವಣಗೆರೆಯಿಂದ)

ಉತ್ತರ: ಇಳೀತಿಲ್ಲ ಅಂದ್ರೆ ಮುಖ್ಯವಾಗಿ ಎರಡು ಕಾರಣ, ಪುಡಿ ತೀರಾ ನುಣ್ಣಗಿದೆ ಇಲ್ಲಾ ತೂತು ಕಟ್ಟಿದೆ. ಮೇಲಿನ ಪಾತ್ರೇನ ಬೆಳಕಿಗೆ ಹಿಡಿದು ನೋಡಿ, ತೂತೆಲ್ಲಾ ಕಾಣ್ದಿದ್ರೆ ಗ್ಯಾಸ್ ಉರಿ ಮೇಲೆ ಒಂದ್ನಿಮಿಷ ಕಾಯಿಸಿ, ಒಳಗೆ ಕೂತಿರೋ ಪುಡಿ ಸುಟ್ಟು ಉದುರುತ್ತೆ, ಆಮೇಲೆ ಹಳೇ ಬ್ರಷ್‌ನಲ್ಲಿ ಉಜ್ಜಿ. ನೀರಾಗಿ ಬರ್ತಿದೆ ಅಂದ್ರೆ ಪುಡಿ ಕಮ್ಮಿ ಆಯ್ತು ಇಲ್ಲಾ ಒತ್ತಿಲ್ಲ. ಮೂರ್ನಾಲ್ಕು ಚಮಚ ತುಂಬ ಹಾಕಿ ಸಮ ಮಾಡಿ, ಹಿಡಿ ಇರೋ ತಟ್ಟೆ ಇಟ್ಟು ಮೆತ್ತಗೆ ಒಂದ್ಸಲ ಒತ್ತಿದ್ರೆ ಸಾಕು, ಜೋರಾಗಿ ಒತ್ತಿದ್ರೆ ಮತ್ತೆ ನಿಂತ್ಕೊಳುತ್ತೆ. ನೀರು ಕುದ್ದ ಮೇಲೆ ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದ್ಲು ಪುಡಿ ನೆನೆಯೋಷ್ಟು ಮಾತ್ರ ಸುತ್ತ ಹುಯ್ಯಿರಿ, ಅದು ಉಬ್ಬಿ ಕೂತ ಮೇಲೆ ಉಳಿದಿದ್ದು ಹಾಕಿ ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿದಿರ್ಬೇಕು.

ಇನ್ನೊಂದು, ಡಿಕಾಕ್ಷನ್‌ನ ದಯವಿಟ್ಟು ಒಲೆ ಮೇಲಿಟ್ಟು ಕುದಿಸ್ಬೇಡಿ, ಕಹಿ ಆಗುತ್ತೆ. ಹಾಲು ಬಿಸಿ ಬಿಸಿ ಇದ್ರೆ ಸಾಕು, ಡಿಕಾಕ್ಷನ್ ಆರಿದ್ರೂ ನಡೆಯುತ್ತೆ. ಪುಡಿನ ಕೇಜಿಗಟ್ಟಲೆ ತಂದಿಡೋದೂ ಬೇಡ, ಹುರಿದು ಬೀಸಿದ ಪುಡಿ ಘಮ ಕಳ್ಕೊಳ್ಳೋದು ಬಹಳ ಬೇಗ, ಕಾಲ್ ಕೇಜಿ ತನ್ನಿ, ಗಾಳಿ ಆಡದ ಡಬ್ಬೀಲಿಡಿ, ಮುಗಿದ ಮೇಲೆ ಮತ್ತೆ ಹೋಗಿ.

ಪ್ರಶ್ನೆ: ನಮ್ ಕಡೆ ಚಹಾನ ಜಾಸ್ತಿ ರೀ, ಈಗೀಗ ಕಾಫಿ ರೂಢಿ ಆಗೇತಿ. ಚಿಕೋರಿ ಅಂದ್ರ ಕಲಬೆರಕೆನ? ಹಾಕ್ಬೇಕೋ ಬ್ಯಾಡೋ? (ಹುಬ್ಬಳ್ಳಿಯಿಂದ)

ಉತ್ತರ: ಹೇಳಿ ಹಾಕಿದ್ರೆ ಕಲಬೆರಕೆ ಅಲ್ಲ, ಹೇಳ್ದೆ ಹಾಕಿದ್ರೆ ಖಂಡಿತ ಕಲಬೆರಕೆ. ಚಿಕೋರಿ ಒಂದು ಗಿಡದ ಬೇರು, ಮೂಲಂಗಿ ತರ ಉದ್ದಕ್ಕೆ ಇಳಿಯುತ್ತೆ, ಅದನ್ನ ಹೆಚ್ಚಿ ಒಣಗಿಸಿ ಹುರಿದು ಪುಡಿ ಮಾಡ್ತಾರೆ, ಗುಜರಾತಿನ ಜಾಮ್‌ನಗರ ಮತ್ತೆ ಉತ್ತರಪ್ರದೇಶದ ಅಲಿಗಢ ಕಡೆ ಬೆಳೀತಾರೆ. ನೆಪೋಲಿಯನ್ 1806ರಲ್ಲಿ ಬ್ರಿಟಿಷ್ ವ್ಯಾಪಾರಕ್ಕೆ ತಡೆ ಹಾಕಿದಾಗ ಯುರೋಪಿಗೆ ಕಾಫಿ ಬರೋದು ಕಷ್ಟ ಆಯ್ತು, ಆಗ ಫ್ರಾನ್ಸ್‌ನಲ್ಲಿ ಇದರ ಬಳಕೆ ಹಬ್ಬಿತು, ಕಾಫಿ ಮತ್ತೆ ಸಿಕ್ಕಿದ ಮೇಲೂ ರುಚಿ ನಾಲಿಗೇಲಿ ಉಳೀತು. ಇದ್ರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ದಪ್ಪ, ಸ್ವಲ್ಪ ಸಿಹಿ ಬೆರೆತ ಕಹಿ ಕೊಡುತ್ತೆ, ಜಾಸ್ತಿ ಹಾಲು ಹಾಕಿದ್ರೂ ಕಾಫಿ ಪೇಲವ ಆಗಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ 80 ಪಾಲು ಕಾಫಿಗೆ 20 ಪಾಲು ಚಿಕೋರಿ ತನಕ ಸರಿ, ಅದಕ್ಕಿಂತ ಮೇಲೆ ಹೋದ್ರೆ ಕುಡೀತಿರೋದು ಬೇರಿನ ಕಷಾಯ. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರ್ಬೇಕು, ಎಷ್ಟೆಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೀಲೂಬೇಕು. ಅಂದ್ರೆ ನೂರು ಗ್ರಾಂನಲ್ಲಿ 49 ಗ್ರಾಂ ತನಕ ಚಿಕೋರಿ ಇದ್ರೂ ಕಾನೂನು ಒಪ್ಪುತ್ತೆ! ಅಕ್ಕಿ ಕೊಳ್ಳುವಾಗ ಕೈಲಿ ಹಿಡಿದು ಮೂಸಿ ನೋಡೋ ನಾವು ಕಾಫಿ ಪುಡಿ ಪ್ಯಾಕೆಟ್ ತಿರುಗಿಸಿ ಕೂಡ ನೋಡಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಬಿಡಿ ಪುಡಿ ಮೇಲೆ ಅನುಮಾನ ಇದ್ರೆ ಗಾಜಿನ ಲೋಟದ ತಣ್ಣೀರಿಗೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಬಿಡ್ತಾ ಬೇಗ ಮುಳುಗುತ್ತೆ. ಚಿಕೋರಿ ಇಲ್ಲದ ಪುಡಿಗೆ ಬದಲಾದ್ರೆ ಮೊದಮೊದ್ಲು ಡಿಕಾಕ್ಷನ್ ತೆಳು ಅನ್ಸುತ್ತೆ, ಒಂದು ಚಮಚ ಜಾಸ್ತಿ ಹಾಕಿ ಹಾಲು ಸ್ವಲ್ಪ ಕಮ್ಮಿ ಮಾಡ್ರಿ.

ಪ್ರಶ್ನೆ: ಪೀಬೆರ್ರಿಗೆ ಯಾಕೆ ಅಷ್ಟು ರೇಟು? ಅದು ಬೇರೆ ತಳಿನಾ? (ಮೈಸೂರಿನಿಂದ)

ಉತ್ತರ: ತಳಿ ಅಲ್ಲ. ಒಂದು ಹಣ್ಣಲ್ಲಿ ಎರಡು ಬೀಜ ಚಪ್ಪಟೆ ಮುಖ ಎದುರುಬದುರಾಗಿ ಇರುತ್ತೆ, ಕೆಲವು ಹಣ್ಣಲ್ಲಿ ಒಂದೇ ಬೆಳೆದು ಗುಂಡಗಾಗುತ್ತೆ, ಜರಡೀಲಿ ಬೇರೆ ಮಾಡ್ತಾರೆ. ಕಮ್ಮಿ ಸಿಗೋದ್ರಿಂದ ರೇಟ್ ಜಾಸ್ತಿ. ಗುಂಡಗಿರೋದಕ್ಕೆ ಹುರಿಯುವಾಗ ಚೆನ್ನಾಗಿ ಉರುಳಿ ಸಮ ಹುರಿ ಬರುತ್ತೆ ಅಂತಾರೆ. ಅರ್ಧ ಪೀಬೆರ್ರಿ, ಅರ್ಧ ಪ್ಲಾಂಟೇಶನ್ ಎ (ತೊಳೆದು ಒಣಗಿಸಿದ ದೊಡ್ಡ ಸೈಜಿನ ಬೀಜ) ಬೀಸಿಸಿ ನೋಡಿ.

ಪ್ರಶ್ನೆ: ಪುಡಿ ರೇಟು ಯಾಕೆ ಹಿಂಗೆ ಏರ್ತಿದೆ? ಬೆಳೆಯೋದು ನಮ್ಮಲ್ಲೇ ಅಲ್ವಾ? (ಬೆಂಗಳೂರಿನಿಂದ)

ಉತ್ತರ: ಬೆಳೆಯೋದು ನಮ್ಮಲ್ಲೇ, ದೇಶದ ಕಾಫೀಲಿ ಹತ್ತಿರ ಹತ್ತಿರ 70% ಕರ್ನಾಟಕದ್ದು, ಕೊಡಗು ಒಂದೇ ಜಿಲ್ಲೆ ಎಲ್ಲಕ್ಕಿಂತ ಮುಂದೆ. ಆದ್ರೆ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತೆ, ಹಾಗಾಗಿ ಬೆಲೆ, ಕಾಫಿಯ ಎರಡು ಮುಖ್ಯ ಜಾತೀಲಿ ಅರಾಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡ್ಕೊಂಡು, ರೋಬಸ್ಟಾಗೆ ಲಂಡನ್ ನೋಡ್ಕೊಂಡು ನಡೆಯುತ್ತೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು ಬೆಳೆ ಕಮ್ಮಿ ಆಗಿ 2024ರಲ್ಲಿ ರೋಬಸ್ಟಾ ದಾಖಲೆ ಬೆಲೆಗೆ ಹೋಯ್ತು, ಅದೇ ನಿಮ್ಮ ಪುಡಿಗೂ ತಟ್ಟಿದ್ದು. ಹಿಂದೆ ಬೆಳೆಗಾರರು ಬೆಳೆದಿದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡ್ ಪೂಲ್‌ಗೆ (ಎಲ್ಲರ ಕಾಫೀನೂ ಒಟ್ಟು ಸೇರಿಸಿ ಮಾರೋ ವ್ಯವಸ್ಥೆ) ಹಾಕ್ಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟ ಸಿಕ್ತು. ರೇಟ್ ಬಿದ್ದ ವರ್ಷಗಳಲ್ಲಿ ಗಿಡ ನೋಡ್ಕೊಳೋಕೂ ದುಡ್ಡಿಲ್ದೆ ಒದ್ದಾಡಿದ ಸಣ್ಣ ಬೆಳೆಗಾರರು ಬಹಳ ಜನ. ಆದ್ದರಿಂದ ಈಗಿನ ಏರಿಕೆ ಬಗ್ಗೆ ನಾನು ದೂರಲ್ಲ.

ಪ್ರಶ್ನೆ: ಬಾಬಾ ಬುಡನ್ ಏಳು ಬೀಜ ತಂದಿದ್ದು ನಿಜಾನಾ? ಮಕ್ಕಳು ಕೇಳ್ತಾರೆ. (ತುಮಕೂರಿನ ಒಬ್ಬ ಮೇಷ್ಟ್ರು)

ಉತ್ತರ: ಜನ ತಲೆತಲಾಂತರದಿಂದ ಹೇಳ್ಕೊಂಡು ಬಂದಿರೋದು ಇದು: 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಹಜ್ ಯಾತ್ರೆ ಮುಗಿಸಿ ಬರ್ತಾ ಯೆಮನ್‌ನ ಮೋಕಾ ಬಂದರಿಂದ ಏಳು ಬೀಜ ಬಚ್ಚಿಟ್ಕೊಂಡು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದ್ರು. ಮೊಳಕೆ ಬರೋ ಬೀಜ ಹೊರಗೆ ಹೋಗದ ಹಾಗೆ ಅರಬ್ಬರು ಕಾಯ್ತಿದ್ರಂತೆ. ಮಕ್ಕಳಿಗೆ ಇದನ್ನ ಐತಿಹ್ಯ ಅಂತಲೇ ಹೇಳಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಮುಂದಿನ ಕಥೆ ಇನ್ನೂ ದೊಡ್ಡದು. ಬಹಳ ಕಾಲ ಹಿತ್ತಲ ಗಿಡವಾಗಿದ್ದ ಕಾಫಿ 1820ರ ದಶಕದ ನಂತರ ಯುರೋಪಿಯನ್ನರ ಕೈಲಿ ದೊಡ್ಡ ತೋಟ ಆಯ್ತು. ಆಮೇಲೆ ಎಲೆ ತುಕ್ಕು ರೋಗ ಬಂತು. 1869ರಲ್ಲಿ ಸಿಲೋನ್‌ನಲ್ಲಿ (ಈಗಿನ ಶ್ರೀಲಂಕಾ) ಕಾಣಿಸ್ಕೊಂಡು ಅಲ್ಲಿನವರು ಕಾಫಿ ಬಿಟ್ಟು ಟೀ ಹಿಡಿಯೋ ಹಾಗೆ ಮಾಡ್ತು, ನಮ್ಮಲ್ಲೂ ತೋಟ ತೋಟವೇ ಬೋಳಾದ್ವು, ಜತೆಗೆ ಬಿಳಿ ಕಾಂಡ ಕೊರಕ ಅನ್ನೋ ಹುಳದ ಕಾಟ ಬೇರೆ. ಕೆಂಟ್ ಅನ್ನೋ ಬೆಳೆಗಾರ 1911ರಲ್ಲಿ ತನ್ನ ತೋಟದಲ್ಲೇ ರೋಗ ತಡ್ಕೊಂಡಿದ್ದ ಗಿಡ ಗುರುತಿಸಿದ್ರು, ಅದೇ ಕೆಂಟ್ಸ್ ತಳಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನಡೆಸ್ತಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನೆ ಶುರುವಾಯ್ತು. ಅಲ್ಲಿ ಕೆಂಟ್ಸ್ ಜತೆ ಇನ್ನೊಂದು ಗಿಡ ಕೂಡಿಸಿ ಮಾಡಿದ ಎಸ್ 795 ತಳಿ ಇವತ್ತಿಗೂ ಮಲೆನಾಡಿನ ಅರಾಬಿಕಾ ತೋಟಗಳಲ್ಲಿ ನಿಂತಿದೆ. ಏಳು ಬೀಜದ ಕಥೆ ಎಲ್ಲರಿಗೂ ಗೊತ್ತು, ಬಾಳೆಹೊನ್ನೂರು ಯಾರಿಗೂ ಗೊತ್ತಿಲ್ಲ. ಪಾಠದಲ್ಲಿ ಅದನ್ನೂ ಸೇರಿಸಿ ಮೇಷ್ಟ್ರೇ.

ಪ್ರಶ್ನೆ: ಇಲ್ಲಿ ಅಂಗಡೀಲಿ ಮಾನ್ಸೂನ್ಡ್ ಮಲಬಾರ್ ಅಂತ ಕಾಫಿ ಸಿಗುತ್ತೆ. ನಮ್ಮದೇನಾ? (ಡಬ್ಲಿನ್‌ನಲ್ಲಿರೋ ಕನ್ನಡಿಗರು)

ಉತ್ತರ: ನಮ್ಮದೇ. ಹಾಯಿ ಹಡಗಿನ ಕಾಲದಲ್ಲಿ ಬೀಜ ಯುರೋಪ್ ತಲುಪೋಕೆ ತಿಂಗಳುಗಟ್ಟಲೆ ಹಿಡೀತಿತ್ತು, ಸಮುದ್ರದ ತೇವಕ್ಕೆ ಉಬ್ಬಿ ಹಳದಿಯಾಗಿ ಹುಳಿ ಕಮ್ಮಿ ಆಗಿರ್ತಿತ್ತು, ಅಲ್ಲಿನವರಿಗೆ ಅದೇ ಇಷ್ಟ ಆಗ್ಬಿಡ್ತು. ಹಡಗು ಬೇಗ ಹೋಗೋಕೆ ಶುರುವಾದ ಮೇಲೆ ಆ ರುಚಿ ಹೋಯ್ತು. ಹಾಗಾಗಿ ಮಂಗಳೂರು ಕಡೆ ಗೋಡೌನ್‌ಗಳಲ್ಲಿ ಮಳೆಗಾಲದ ಗಾಳಿ ಒಳಗೆ ಬಿಟ್ಟು, ಬೀಜ ಹರಡಿ, ಕೈಯಾಡಿಸ್ತಾ, ಮೂರ್ನಾಲ್ಕು ತಿಂಗಳು ಅದನ್ನೇ ಬೇಕಂತ ಮಾಡ್ತಾರೆ. ಹುಳಿ ಇಷ್ಟ ಇಲ್ಲದವ್ರಿಗೆ ಬಹಳ ಒಳ್ಳೇದು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರಾಬಿಕಾಗಳಿಗೂ 2019ರಲ್ಲಿ ಜಿಐ ಟ್ಯಾಗ್ (ಆ ಜಾಗದ್ದೇ ಬೆಳೆ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ, ಅಲ್ಲಿ ಕಂಡ್ರೆ ಅವನ್ನೂ ತಗೊಂಡು ನೋಡಿ.

ಪ್ರಶ್ನೆ: ಮಾರ್ಚ್‌ನಲ್ಲಿ ಒಂದು ಮಳೆ ಬಂದ್ರೆ ಸಕಲೇಶಪುರದ ನೆಂಟರು ಹಬ್ಬ ಮಾಡ್ತಾರೆ, ಡಿಸೆಂಬರ್ ಮಳೆಗೆ ತಲೆ ಮೇಲೆ ಕೈ ಹೊತ್ಕೋತಾರೆ. ಯಾಕೆ? (ಹಾಸನದಿಂದ)

ಉತ್ತರ: ಮಾರ್ಚ್‌ದು ಹೂ ಮಳೆ. ಮೊಗ್ಗು ಬಿಸಿಲಲ್ಲಿ ಕಾಯ್ತಾ ಕೂತಿರುತ್ತೆ, ಒಂದು ಒಳ್ಳೇ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ, ಮಲ್ಲಿಗೆ ಘಮ. ಆದ್ರೆ ಹೂ ಅರಳಿದ ದಿನವೇ ಮತ್ತೆ ಮಳೆ ಹೊಡೆದ್ರೆ ಕಾಯಿ ಕಟ್ಟಲ್ಲ, ರೋಬಸ್ಟಾಗಂತೂ ಪರಾಗಕ್ಕೆ ಜೇನು, ಗಾಳಿ ಬೇಕೇ ಬೇಕು. ಆಮೇಲೆ ಕೆಲವು ವಾರಕ್ಕೆ ಬ್ಯಾಕಿಂಗ್ ಅನ್ನೋ ಎರಡನೇ ಮಳೆ ಬರ್ಬೇಕು, ಇಲ್ದಿದ್ರೆ ಕಟ್ಟಿದ್ದೂ ಉದುರುತ್ತೆ. ಡಿಸೆಂಬರ್ ಹೊತ್ತಿಗೆ ಅರಾಬಿಕಾ ಕುಯ್ಲು ನಡೀತಿರುತ್ತೆ, ಮಳೆ ಬಂದ್ರೆ ಹಣ್ಣು ಒಡೆದು ನೆಲಕ್ಕೆ ಬೀಳುತ್ತೆ, ಕಣದಲ್ಲಿ ಹರಡಿರೋದು ಒಣಗದೆ ಬೂಸ್ಟು ಹಿಡಿಯುತ್ತೆ. ವರ್ಷದ ದುಡಿಮೆ ಎರಡು ದಿನದಲ್ಲಿ ಹಾಳಾಗ್ಬಹುದು, ಅವ್ರು ತಲೆ ಮೇಲೆ ಕೈ ಹೊತ್ಕೊಳೋದು ಸುಮ್ನೆ ಅಲ್ಲ.

ಪ್ರಶ್ನೆ: ಅಪ್ಪಂಗೆ ಸಂಜೆ ಆರಕ್ಕೆ ಸ್ಟ್ರಾಂಗ್ ಕಾಫಿ ಬೇಕು, ರಾತ್ರಿ ನಿದ್ದೆ ಇಲ್ಲ ಅಂತಾರೆ. (ಶಿವಮೊಗ್ಗದಿಂದ)

ಉತ್ತರ: ಕುಡಿದ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಅಂದ್ರೆ ಹನ್ನೊಂದಕ್ಕೆ ಮಲಗಿದಾಗ್ಲೂ ಅರ್ಧ ಒಳಗೇ ಇರುತ್ತೆ. ಸ್ಟ್ರಾಂಗ್ ಕಾಫಿನ ಮಧ್ಯಾಹ್ನ ಊಟ ಆದ ತಕ್ಷಣಕ್ಕೆ ತಳ್ಳಿ. ಸಂಜೆ ಬಿಡೋಕೆ ಆಗಲ್ಲ ಅಂದ್ರೆ ಪೂರ್ತಿ ಅರಾಬಿಕಾ ಪುಡಿ ತನ್ನಿ, ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಚಿಕೋರಿ ಸ್ವಲ್ಪ ಸೇರಿದ್ರೆ ಇವ್ರ ವಿಷಯದಲ್ಲಿ ಒಳ್ಳೇದೇ, ಅರ್ಧ ಲೋಟ ಕೊಡಿ. ಬಿಪಿ ಮಾತ್ರೆ ತಗೊಳ್ತಿದ್ರೆ ಡಾಕ್ಟರ್ ಹತ್ರನೂ ಒಂದ್ಮಾತು ಕೇಳಿ.