ಬೆಂಗಳೂರಿನ ಕೆಲಸ ಬಿಟ್ಟು ಅಮ್ಮನ ಜೊತೆ ಮೂಡಿಗೆರೆಯಲ್ಲಿ ಇರಬೇಕು ಅಂತಿದ್ದೇನೆ, ಕಂಪನಿಯ ಆರೋಗ್ಯ ವಿಮೆ ಮುಂದುವರಿಸಬಹುದಾ? ಅಮ್ಮನಿಗೆ ಶುಗರ್ ಇದೆ.

ಅದೇ ಪಾಲಿಸಿ ಉಳಿಯಲ್ಲ. ಕಂಪನಿ ನೌಕರರಿಗೆಲ್ಲ ಸೇರಿಸಿ ಮಾಡಿಸುವ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ, ಅಮ್ಮನ ಹೆಸರು ಸೇರಿಸಿದ್ದರೆ ಅವರದ್ದೂ ಅಷ್ಟೇ. ಆದರೆ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ನಿಯಮದಂತೆ ಅದೇ ವಿಮಾ ಕಂಪನಿಯ ವೈಯಕ್ತಿಕ ಅಥವಾ ಫ್ಯಾಮಿಲಿ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ಇದನ್ನೇ ಮೈಗ್ರೇಷನ್ ಅನ್ನುತ್ತಾರೆ.

ನಿಮಗೆ ಇದು ಬೇಕಾಗಿರುವುದೇ ಅಮ್ಮನ ಶುಗರ್‌ಗೋಸ್ಕರ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಯ ಖರ್ಚು ಕೊಡಲು 36 ತಿಂಗಳವರೆಗೂ ಕಾಯಿಸಬಹುದು. ಮೈಗ್ರೇಷನ್‌ನಲ್ಲಿ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಆದರೆ ಹಳೆಯ ವಿಮಾ ಮೊತ್ತದಷ್ಟಕ್ಕೆ ಮಾತ್ರ. 3 ಲಕ್ಷ ಇದ್ದದ್ದನ್ನು 10 ಲಕ್ಷ ಮಾಡಿಸಿದರೆ ಮೇಲಿನ 7 ಲಕ್ಷಕ್ಕೆ ಮತ್ತೆ ಕಾಯಬೇಕು, ಇದನ್ನು ಏಜೆಂಟರು ಬಿಡಿಸಿ ಹೇಳಲ್ಲ, ನೀವೇ ಕೇಳಿ.

ರಾಜೀನಾಮೆ ಕೊಟ್ಟ ದಿನವೇ ಎಚ್‌ಆರ್‌ಗೆ ಮೇಲ್ ಹಾಕಿ, ನೀವು ಮತ್ತು ಅಮ್ಮ ವಿಮೆಗೆ ಸೇರಿದ ದಿನಾಂಕ ಇರುವ ಪತ್ರ ತೆಗೆದಿಟ್ಟುಕೊಳ್ಳಿ. ನೋಟಿಸ್ ಪೀರಿಯಡ್ ಮುಗಿಯಲಿ ಅಂತ ಸುಮ್ನೆ ಕೂರಬೇಡಿ. ಪ್ರೀಮಿಯಂ ಇನ್ನು ನಿಮ್ಮ ಕೈಯಿಂದಲೇ, ಅಮ್ಮನ ವಯಸ್ಸಿಗೆ ಜಾಸ್ತಿಯೇ ಬರುತ್ತದೆ. ಆರೋಗ್ಯ ತಪಾಸಣೆ ನೋಡಿ ವಿಮಾ ಕಂಪನಿ ಆಗಲ್ಲ ಅನ್ನಲೂಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅದೊಂದು ಸಮಾಧಾನ.

ಇನ್ನೊಂದು ವಿಷಯ. ಆಸ್ಪತ್ರೆ ಪಟ್ಟಿಯಲ್ಲಿ ಬೆಂಗಳೂರಿನ ದೊಡ್ಡ ಹೆಸರು ನೋಡಿ ಒಪ್ಪಬೇಡಿ. ಚಿಕ್ಕಮಗಳೂರು, ಹಾಸನದಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ) ಎಲ್ಲೆಲ್ಲಿದೆ ಅಂತ ಫೋನ್ ಮಾಡಿಯೇ ಖಚಿತ ಮಾಡಿಕೊಳ್ಳಿ, ಯಾಕಂದರೆ ಮಳೆಗಾಲದ ರಾತ್ರಿ ಅಮ್ಮನನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಆಗುವ ಮಾತಲ್ಲ.