ನೆಟ್‌ಬುಕ್‌ಗಳಲ್ಲಿ ಲಿನಕ್ಸ್ ಸೋತದ್ದೇಕೆ?

2007-08ರಲ್ಲಿ ಬಂದ ನೆಟ್‌ಬುಕ್‌ಗಳು, ಅಂದರೆ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳು, ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯೊಂದಿಗೇ ಹುಟ್ಟಿದ್ದರೂ ಒಂದೆರಡು ವರ್ಷಗಳಲ್ಲೇ ವಿಂಡೋಸ್‌ನ ಪಾಲಾದದ್ದು ಏಕೆ, ಲಿನಕ್ಸ್ ಅಷ್ಟೊಂದು ಕಳಪೆಯಾಗಿತ್ತೆ ಎಂದು ಕೇಳಿದ್ದೀರಿ; ಜೊತೆಗೆ, ಮನೆಯ ಕಪಾಟಿನಲ್ಲಿರುವ ಹಳೆಯ ನೆಟ್‌ಬುಕ್‌ಗೆ ಈಗ ಏನು ಹಾಕಬಹುದು ಎಂದೂ ಕೇಳಿದ್ದೀರಿ. ಮಂಗಳೂರಿನಲ್ಲಿ ಕನ್ನಡ ಅಕ್ಷರಜೋಡಣೆಯ ಕೆಲಸ ಮಾಡುವ ನಾನು ಆ ಕಾಲದ ಎರಡೂ ಬಗೆಯ ಯಂತ್ರಗಳಲ್ಲಿ ದುಡಿದಿದ್ದೇನೆ. ಲಿನಕ್ಸ್ ಕಳಪೆಯಾಗಿರಲಿಲ್ಲ. ಯಂತ್ರದ ಹೊರಗೆ ಜನರ ಬಳಿ ಆಗಲೇ ಇದ್ದ ಕಡತಗಳು, ಅಂತರಜಾಲಕ್ಕೆ ಬಳಸುವ ಡೇಟಾ ಕಾರ್ಡುಗಳು (ಯುಎಸ್‌ಬಿ ಮೋಡೆಮ್‌ಗಳು) ಮತ್ತು ಅಂಗಡಿಯವರ ರೂಢಿ ಈ ಸ್ಪರ್ಧೆಯನ್ನು ತೀರ್ಮಾನಿಸಿದವು ಎಂಬುದು ನನ್ನ ಅನುಭವದ ಮಾತು.

ಏಸಸ್ ಕಂಪನಿಯ 'ಈ ಪಿಸಿ 701' (Eee PC) ಎಂಬ ನೆಟ್‌ಬುಕ್ ಮಾರುಕಟ್ಟೆಗೆ ಬಂದದ್ದು 2007ರ ಕೊನೆಯಲ್ಲಿ. ಏಳು ಇಂಚಿನ ತೆರೆ, 512 ಎಂಬಿ ಮೆಮೊರಿ, ಮುಖ್ಯ ಮಾದರಿಯಲ್ಲಿ 4 ಜಿಬಿ ಸಂಗ್ರಹ, ಅದರ ಮೇಲೆ ಡೆಬಿಯನ್ ಎಂಬ ಲಿನಕ್ಸ್ ಬಗೆಯಿಂದ ಬೆಳೆದ ಕ್ಸಾಂಡ್ರೋಸ್ ಲಿನಕ್ಸ್. ಅದೇ ವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಜನರ ಕೈಗೆ ಕೊಟ್ಟ ವಿಂಡೋಸ್ ವಿಸ್ತಾದ ಹೋಮ್ ಪ್ರೀಮಿಯಂ ಆವೃತ್ತಿಗೆ 1 ಜಿಬಿ ಮೆಮೊರಿಯೂ 15 ಜಿಬಿ ಖಾಲಿ ಜಾಗವೂ ಬೇಕಾಗಿದ್ದವು. ಅದನ್ನು ಈ ಯಂತ್ರದೊಳಗೆ ತುರುಕುವುದೆಂದರೆ ಆಡಿನ ಕೊಟ್ಟಿಗೆಗೆ ಆನೆಯನ್ನು ನುಗ್ಗಿಸಿದಂತೆ. ಹೀಗೆ ತೆರವಾದ ಜಾಗದಲ್ಲಿ ಲಿನಕ್ಸ್ ನಿರಾಯಾಸವಾಗಿ ಕುಳಿತುಕೊಂಡಿತು. ಮರುವರ್ಷ ಏಸರ್ ಲಿನ್‌ಪಸ್ ಅನ್ನೂ, ಎಚ್‌ಪಿ ಸೂಸೆಯನ್ನೂ, ಡೆಲ್ ಉಬುಂಟುವನ್ನೂ, ಹೀಗೆ ಬೇರೆ ಬೇರೆ ಬಗೆಯ ಲಿನಕ್ಸ್ ಹಾಕಿ ಪುಟ್ಟ ಯಂತ್ರಗಳನ್ನು ಮಾರಿದವು.

ಮೈಕ್ರೋಸಾಫ್ಟ್ ಇದಕ್ಕೆ ಕೊಟ್ಟ ಉತ್ತರ ಹೊಸದೇನಲ್ಲ, ಲಾಯದಿಂದ ಹಳೆಯ ಕುದುರೆಯನ್ನೇ ಮತ್ತೆ ಹೊರಗೆ ತಂದದ್ದು. 2008ರ ಜೂನ್ 30ಕ್ಕೆ ಮಾರಾಟ ನಿಲ್ಲಬೇಕಿದ್ದ, ವಿಸ್ತಾಕ್ಕಿಂತ ಹಿಂದಿನ ವಿಂಡೋಸ್ ಎಕ್ಸ್‌ಪಿಯ ಹೋಮ್ ಆವೃತ್ತಿಯನ್ನು ಅಗ್ಗದ ಪುಟ್ಟ ಕಂಪ್ಯೂಟರ್‌ಗಳಿಗೆ ಮಾತ್ರ 2010ರವರೆಗೆ ಕೊಡುವುದಾಗಿ ಅದು ಅದೇ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಜನ ಮರೆತಿರುವ ಸಂಗತಿಯೆಂದರೆ ಅದರ ಜೊತೆಗೆ ಬಂದ ಷರತ್ತುಗಳು: ತೆರೆಯ ಅಳತೆ, ಮೆಮೊರಿ, ಡಿಸ್ಕ್ ಇವೆಲ್ಲಕ್ಕೂ ಗರಿಷ್ಠ ಮಿತಿಯಿತ್ತು. ಆ ಕಾಲದ ನೆಟ್‌ಬುಕ್‌ಗಳೆಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹತ್ತು ಇಂಚು, 1 ಜಿಬಿ ಎಂದು ಕಾಣುತ್ತಿದ್ದುದಕ್ಕೆ ಅವುಗಳಲ್ಲಿದ್ದ ಇಂಟೆಲ್ ಆಟಮ್ ಪ್ರೊಸೆಸರ್ ಎಷ್ಟು ಕಾರಣವೋ ಈ ಬೇಲಿಯೂ ಅಷ್ಟೇ ಕಾರಣ. ಅಮೆರಿಕದ ಚಿಲ್ಲರೆ ಮಾರಾಟದಲ್ಲಿ 2009ರ ಫೆಬ್ರವರಿಯ ಹೊತ್ತಿಗೆ ನೂರಕ್ಕೆ 96 ನೆಟ್‌ಬುಕ್‌ಗಳು ವಿಂಡೋಸ್‌ನವು ಎಂದು ಎನ್‌ಪಿಡಿ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆಯ ಲೆಕ್ಕವನ್ನು ಮುಂದಿಟ್ಟು ಮೈಕ್ರೋಸಾಫ್ಟ್ ಹೇಳಿಕೊಂಡಿತು.

ಅಮೆರಿಕದ ಕಾರಣಗಳು ಅಲ್ಲಿಯವರಿಗಿರಲಿ, ಇಲ್ಲಿ ನಡೆದದ್ದನ್ನು ಹೇಳುತ್ತೇನೆ. 2009ರಲ್ಲಿ ನಾನು ಹಂಪನಕಟ್ಟೆಯ ಬಳಿಯ ಅಂಗಡಿಯೊಂದರಿಂದ ಲಿನಕ್ಸ್ ಇದ್ದ ಒಂಬತ್ತು ಇಂಚಿನ ನೆಟ್‌ಬುಕ್ ಕೊಂಡೆ. ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕುಳಿತು ಕರಡು ತಿದ್ದಬಹುದೆಂಬ ಆಸೆ ಅದಕ್ಕೆ ಕಾರಣ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಬಸ್ಸು ಸುರತ್ಕಲ್ ದಾಟುವಾಗ ತೆರೆದು ನೋಡಿದರೆ 'ಕನ್ನಡ' ಎಂಬ ಪದವಿದ್ದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಎಸ್ಸೆಟ್, ಕೊನೆಗೊಂದು ಕ್ಯೂ, ಇನ್ನೊಂದು ಎ. ಆ ಕಡತ ಎಲ್ಲ ಯಂತ್ರಗಳಿಗೂ ಸಮಾನವಾದ ಯುನಿಕೋಡ್ ಅಕ್ಷರಸಂಕೇತದ್ದಲ್ಲ, 'ನುಡಿ' ಎಂಬ ಕನ್ನಡ ತಂತ್ರಾಂಶದ್ದು. ಅಂದಿನ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು, ಆದ್ದರಿಂದ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಮೂಲ ಅಕ್ಷರಗಳೇ ಹೊರಗೆ ಕಾಣುತ್ತಿದ್ದವು.

ಫಾಂಟಿನ ಕಡತವನ್ನು ನಕಲು ಮಾಡಿಕೊಂಡ ಮೇಲೆ ಓದಲು ತೊಂದರೆಯಾಗಲಿಲ್ಲ, ಆದರೆ ತಿದ್ದುವುದು ಬೇರೆಯೇ ಮಾತು. 'ಆನುವಂಶಿಕ ಮೊಕ್ತೇಸರರು' ಎಂದಿರಬೇಕಾದಲ್ಲಿ 'ಅನುವಂಶಿಕ' ಎಂದಾಗಿತ್ತು. ನುಡಿಯ ಕೀಲಿಮಣೆ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿದ್ದುದರಿಂದ, ಕಣ್ಣೆದುರೇ ಇದ್ದ ಆ ಒಂದು ದೀರ್ಘವನ್ನು ಸೇರಿಸಲು ನಾನು ರಾತ್ರಿ ಮನೆಗೆ ಮರಳಿ ದೊಡ್ಡ ಕಂಪ್ಯೂಟರ್ ಮುಂದೆ ಕೂರಬೇಕಾಯಿತು. ಆ ಕೀಲಿಮಣೆಯ ವಿನ್ಯಾಸ ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಚಿಂತನೆಯ ಫಲ ಎಂಬುದನ್ನು ನೆನೆದರೆ, ನಮ್ಮೂರಿನ ಸೊತ್ತೇ ನನ್ನ ಕೈಗೆ ಸಿಗದೆ ಹೋಯಿತಲ್ಲ ಎಂದು ಈಗಲೂ ನಗು ಬರುತ್ತದೆ.

ಎರಡನೆಯ ಪೆಟ್ಟು ಡೇಟಾ ಕಾರ್ಡಿನದು. ಅಂದಿನ ಯುಎಸ್‌ಬಿ ಮೋಡೆಮ್‌ಗಳಲ್ಲಿ ಹಲವು, ಸಿಕ್ಕಿಸಿದೊಡನೆ ತಮ್ಮನ್ನು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತಿದ್ದವು. ಅದರೊಳಗಿದ್ದ ವಿಂಡೋಸ್ ತಂತ್ರಾಂಶ ಸ್ಥಾಪನೆಯಾದ ಬಳಿಕವೇ ಮೋಡೆಮ್ ರೂಪಕ್ಕೆ ಹೊರಳುತ್ತಿದ್ದವು. ಲಿನಕ್ಸ್‌ನಲ್ಲಿ ಹಾಗೆ ಹೊರಳಿಸಲು ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶ ಬೇಕಿತ್ತು, ಅದನ್ನು ಪಡೆಯಲು ಅಂತರಜಾಲ ಬೇಕಿತ್ತು. ಬಾವಿಗಿಳಿಯುವ ಹಗ್ಗ ಬಾವಿಯೊಳಗೇ ಇದ್ದಂತಾಯಿತು.

ಹಾಗೆಂದು ಎಕ್ಸ್‌ಪಿ ಕನ್ನಡಕ್ಕೆ ಹಿತವಾಗಿತ್ತು ಎಂದೇನೂ ಇಲ್ಲ. ಅದರಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕಿತ್ತು, ಆಗ ಅದು ಬಹಳ ಸಲ ಎಕ್ಸ್‌ಪಿಯ ಸಿಡಿಯನ್ನು ಕೇಳುತ್ತಿತ್ತು. ನೆಟ್‌ಬುಕ್‌ನಲ್ಲಿ ಸಿಡಿ ಡ್ರೈವ್ ಎಲ್ಲಿಯದು! ಆದರೆ ಇಂತಹ ತೊಡಕನ್ನು ಬಿಡಿಸಿಕೊಡುವವರು ಬೀದಿಗೊಬ್ಬರಿದ್ದರು. ಲಿನಕ್ಸ್ ಯಂತ್ರ ಕೊಂಡವರಿಗೆ ಎಕ್ಸ್‌ಪಿಯನ್ನು 'ಹಾಕಿಕೊಡುವುದು' ಅಂಗಡಿಗಳ ಸಾಮಾನ್ಯ ಸೇವೆಯಾಗಿತ್ತು, ಪರವಾನಗಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎರಡೂ ಪುಕ್ಕಟೆ ಎಂದಾದ ಮೇಲೆ ಉಚಿತವೆಂಬ ಲಿನಕ್ಸ್‌ನ ದೊಡ್ಡ ಅಸ್ತ್ರಕ್ಕೆ ನಮ್ಮಲ್ಲಿ ಮೊನೆಯೇ ಉಳಿಯಲಿಲ್ಲ. ನಾನೂ ಆರು ತಿಂಗಳಲ್ಲಿ ಸೋತು ಎಕ್ಸ್‌ಪಿ ಹಾಕಿಸಿಕೊಂಡೆ.

ಅದರ ಮುಂದಿನದು ಬೇಗ ಮುಗಿಯುವ ಕಥೆ. 2009ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿಯಲ್ಲಿ ತೆರೆಯ ಹಿನ್ನೆಲೆ ಚಿತ್ರವನ್ನು ಬದಲಿಸಲೂ ಅವಕಾಶವಿರಲಿಲ್ಲ. ಗೆದ್ದವನ ಧಾರಾಳ ಅಷ್ಟಕ್ಕೇ ನಿಂತಿತು. 2010ರಲ್ಲಿ ಐಪ್ಯಾಡ್ ಬಂದು ನೆಟ್‌ಬುಕ್ ಎಂಬ ಜಾತಿಯನ್ನೇ ಅಂಚಿಗೆ ತಳ್ಳಿತು. 2011ರಲ್ಲಿ ಮಾರಾಟಕ್ಕೆ ಬಂದ ಕ್ರೋಮ್‌ಬುಕ್‌ಗಳ ಒಳಗೂ ಆಂಡ್ರಾಯ್ಡ್ ಫೋನುಗಳ ಒಳಗೂ ಇರುವುದು ಲಿನಕ್ಸ್ ತಿರುಳೇ ಆದರೂ, ಕೊಳ್ಳುವವರಿಗೆ ಆ ಹೆಸರನ್ನು ಯಾರೂ ಹೇಳುವುದಿಲ್ಲ.

ಇನ್ನು ನಿಮ್ಮ ಕಪಾಟಿನ ಯಂತ್ರ. ಅದರ ಪ್ರೊಸೆಸರ್ ಆಟಮ್ ಎನ್270 ಆಗಿದ್ದರೆ ಅದು 32 ಬಿಟ್‌ನದು. 2025ರಲ್ಲಿ ಬಂದ ಡೆಬಿಯನ್ 13 ಅಂತಹ ಯಂತ್ರಗಳಿಗೆ ಸ್ಥಾಪಕವನ್ನು ಕೊಡುವುದಿಲ್ಲ, ಆದ್ದರಿಂದ ಡೆಬಿಯನ್ 12 ಅನ್ನು ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್‌ನೊಂದಿಗೆ ಹಾಕಿ. ಬ್ರೌಸರ್‌ನಲ್ಲಿ ಎರಡು ಪುಟಗಳಿಗಿಂತ ಹೆಚ್ಚು ತೆರೆಯಬೇಡಿ, 1 ಜಿಬಿ ಮೆಮೊರಿ ಅದನ್ನು ತಾಳುವುದಿಲ್ಲ. ಕೀಲಿಮಣೆಯ ತಂತ್ರಾಂಶವಾದ ಐಬಸ್‌ಗೆ ಎಂ17ಎನ್ ಎಂಬ ಪೂರಕವನ್ನು ಸೇರಿಸಿಕೊಂಡರೆ ನುಡಿಯಲ್ಲಿದ್ದ ಕಗಪ ಕೀಲಿಮಣೆ ವಿನ್ಯಾಸ ಅಲ್ಲೇ ಸಿಗುತ್ತದೆ. ಹಳೆಯ ನುಡಿ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿವೆ, ಬದಲಿಸಿದ ಮೇಲೆ ಅರ್ಕಾವತ್ತನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ. ನನ್ನ ಒಂಬತ್ತು ಇಂಚಿನದು ಈಗ ಹಾಗೆಯೇ ನಡೆಯುತ್ತಿದೆ. ಬ್ಯಾಟರಿ ಎಂದೋ ಸತ್ತಿರುವುದರಿಂದ ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಅದೂ ಆರುತ್ತದೆ, ಹಾಗಾಗಿ ಪ್ರತಿ ಪ್ಯಾರಾ ಮುಗಿದೊಡನೆ ಕಡತ ಉಳಿಸಿಕೊಳ್ಳುವ ಅಭ್ಯಾಸವಾಗಿದೆ.