ಬಾತುಕೋಳಿ ಸಾರಿಗೆ ಯಾವ ವೈನ್?

ಪ್ರಶ್ನೆ: ಅಣ್ಣಾ, ಯುಗಾದಿ ಮಾರನೇ ದಿನ ನಮ್ಮಲ್ಲಿ ಬಾತುಕೋಳಿ ಸಾರು, ಕಡುಬು. ಕಾಳುಮೆಣಸು, ಹುರಿದ ಕೊಬ್ಬರಿ ಧಾರಾಳವಾಗಿ ಹಾಕಿದ ಗಟ್ಟಿ ಸಾರು. ಬೆಂಗಳೂರಿಂದ ಬಂದ ಭಾವ ಕ್ಯಾಬರ್ನೆ ಎಂಬ ಕೆಂಪು ವೈನ್ ತಂದಿದ್ದರು. ಒಂದು ಗುಟುಕಿಗೇ ಬಾಯಿ ಕಹಿಯಾಗಿ ಖಾರ ನೆತ್ತಿಗೇರಿತು. ಬಾತುಕೋಳಿಗೆ ಕೆಂಪು ವೈನೇ ಸರಿ ಅಂತಾರಲ್ಲ, ಎಲ್ಲಿ ತಪ್ಪಿದೆವು?
- ಓದುಗರೊಬ್ಬರು, ಹೊಸನಗರ

ಉತ್ತರ: ನೀವು ಎಲ್ಲೂ ತಪ್ಪಿಲ್ಲ ತಂಗಿ. ಆ ಮಾತು ಬಂದಿದ್ದು ನಮ್ಮಷ್ಟು ಖಾರ ತಿನ್ನದ ಊರುಗಳಿಂದ. ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ಬಾತುಕೋಳಿ ತೊಡೆಗೆ ಉಪ್ಪು ಸವರಿಟ್ಟು, ಬಾತಿನ ಕೊಬ್ಬಿನಲ್ಲೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಾನ್ಫಿ ಅಂತ ಹೆಸರು. ಜೊತೆಗೆ ಅದೇ ಸೀಮೆಯ ಮದಿರಾನ್, ಬಲು ಒಗರಿನ ಕೆಂಪು ವೈನ್. ಆ ಉಪ್ಪು, ಕೊಬ್ಬಿಗೆ ಸಿಕ್ಕಿ ಒಗರು ಮೆತ್ತಗಾಗುತ್ತದೆ.

ಈ ಒಗರು ಯಾವುದು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಅಡಿಕೆ ಬೇಯಿಸುವ ಹಂಡೆಯ ಚೊಗರಿಗೆ ಚಿಕ್ಕಂದಿನಲ್ಲಿ ಬೆರಳದ್ದಿ ನೆಕ್ಕಿದ್ದೆ. ನಾಲಿಗೆ ಎಳೆದು ಹಿಡಿದ ಹಾಗಾಗಿ, ಎಂಜಲು ಒಣಗಿಹೋಗಿತ್ತು. ಟ್ಯಾನಿನ್ ಅಂದರೆ ಅದೇ. ಕೆಂಪು ವೈನಿಗೆ ಅದು ದ್ರಾಕ್ಷಿ ಸಿಪ್ಪೆ, ಬೀಜದಿಂದ ಇಳಿಯುತ್ತದೆ, ಕ್ಯಾಬರ್ನೆಯಲ್ಲಿ ಜಾಸ್ತಿ. ಮೆಣಸಿನ ಖಾರ ಏರಿದ ನಾಲಿಗೆಗೆ ಆ ಒಗರು ಕಹಿಯಾಗಿ ಕಾಣುತ್ತದೆ. ಇನ್ನು ಅಂಥ ವೈನಿನಲ್ಲಿ ಶೇ. 13-14ರಷ್ಟು ಆಲ್ಕೋಹಾಲ್ ಇರುತ್ತದಲ್ಲ, ಅದು ಉರಿಯನ್ನು ಇನ್ನಷ್ಟು ಏರಿಸುತ್ತದೆ.

ನಾನು ಇಪ್ಪತ್ತು ವರ್ಷ ಬೆಂಗಳೂರಿನ ಹೋಟೆಲುಗಳ ಅಡುಗೆಮನೆಯಲ್ಲಿದ್ದು ಈಗ ತೀರ್ಥಹಳ್ಳಿ ಕಡೆ ತೋಟಕ್ಕೆ ಮರಳಿದವನು. ಅಲ್ಲಿ ಕಲಿತದ್ದು ಒಂದೇ: ವೈನ್ ಆರಿಸುವಾಗ ಹಕ್ಕಿಯನ್ನು ನೋಡಬೇಡಿ, ಮಸಾಲೆ ನೋಡಿ. ಬಾತಿನ ಕೊಬ್ಬಿಗೆ ಬೇಕಾದದ್ದು ಹುಳಿ. ಹಂದಿ ಮಾಂಸಕ್ಕೆ ನಾವು ಉಪ್ಪಾಗೆ ಹುಳಿ ಬಿಡುವುದೂ ಅದಕ್ಕೇ ತಾನೆ?

ನಿಮ್ಮ ಸಾರಿಗೆ ನಾನು ಕೊಡುವುದು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. ಸುಲಾ ಕಂಪನಿಯವರದ್ದರಲ್ಲಿ ತುಸು ಸಿಹಿ ಇದೆ. ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ಕೊಬ್ಬನ್ನು ಕಡಿಯುತ್ತದೆ. ಕಳೆದ ಮಳೆಗಾಲದಲ್ಲಿ ಮನೆಯಲ್ಲೇ ನೋಡಿದೆ: ಚರ್ಮದ ಸಮೇತ ಒಂದು ತುಂಡು ಅಗಿದು, ತಣ್ಣನೆ ಶೆನಿನ್ ಒಂದು ಗುಟುಕು. ತುಟಿಗೆ ಅಂಟಿದ ಜಿಡ್ಡು ತೊಳೆದುಹೋಗಿ, ಮೆಣಸಿನ ಘಮ ಮಾತ್ರ ಉಳಿಯಿತು. ಪಕ್ಕದಲ್ಲಿದ್ದ ಕ್ಯಾಬರ್ನೆ ಲೋಟ ಹಾಗೇ ಉಳಿದುಹೋಯಿತು.

ಭಾವನಿಗೆ ಕೆಂಪೇ ಬೇಕಾದರೆ ಸಾಂಜೊವೇಸೆ ತರಲಿ. ಹುಳಿ ಚೆನ್ನಾಗಿರುವ ದ್ರಾಕ್ಷಿ. ಫ್ರಾತೆಲ್ಲಿ ಕಂಪನಿಯವರದು ಇದೆ, ಹಂಪಿ ಗುಡ್ಡಗಳ ಕೃಷ್ಮಾದವರದೂ ಇದೆ. ಆದರೆ ಆ ದಿನ ಮೆಣಸು ಅರ್ಧಕ್ಕಿಳಿಸಿ. ಫ್ರಾನ್ಸಿನ ಬರ್ಗಂಡಿಯ ಪಿನೋ ನ್ವಾರ್ ಎಂಬ ಕೆಂಪು ವೈನ್ ಬಾತುಕೋಳಿಗೆ ಹೇಳಿ ಮಾಡಿಸಿದ್ದು, ಬೆಲೆ ಮಾತ್ರ ಬಲು ದುಬಾರಿ. ನಂದಿ ಬೆಟ್ಟದ ಬುಡದ ಗ್ರೋವರ್‌ನವರ ಲಾ ರಿಸರ್ವ್ ವೈನ್ ಕ್ಯಾಬರ್ನೆ, ಶಿರಾಜ್ ಎಂಬ ಎರಡು ದ್ರಾಕ್ಷಿ ಬೆರೆತದ್ದು. ಅದನ್ನು ಬರೀ ಉಪ್ಪು ಹಚ್ಚಿ ಕೆಂಡದ ಮೇಲೆ ಸುಟ್ಟ ಬಾತಿಗೆ ಎತ್ತಿಡಿ.

ಪ್ರಶ್ನೆ: ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದಂತೆ, ಹೌದೇ?
- ಭದ್ರಾವತಿಯಿಂದ

ಉತ್ತರ: ಇಡಿ. 'ಮನೆಯ ಬಿಸಿಯಲ್ಲೇ ಕುಡಿಯಬೇಕು' ಅನ್ನುವುದು ಚಳಿ ದೇಶದ ಮನೆಗಳ ಲೆಕ್ಕ. ಅಲ್ಲಿ ಅದು 16ರಿಂದ 18 ಡಿಗ್ರಿ. ಏಪ್ರಿಲ್‌ನ ಭದ್ರಾವತಿಯಲ್ಲಿ ಕೋಣೆಯೇ 30 ದಾಟಿರುತ್ತದೆ. ಕುಡಿಯುವ ಅರ್ಧ ಗಂಟೆ ಮುಂಚೆ ಕೆಂಪನ್ನು ಫ್ರಿಜ್ಜಿಗೆ ಹಾಕಿ, ಬಿಳಿಯನ್ನು ಬೆಳಿಗ್ಗೆಯೇ. ಕೊಳ್ಳುವಾಗ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿಗೆ ತಾಗಿ ನಿಂತ ಬಾಟಲಿ ಬೇಡ. ಹಾಗೆ ಕಾದದ್ದೊಂದನ್ನು ಒಂದು ಅಂಗಡಿಯಿಂದ ತಂದು, ನೆಂಟರೆದುರೇ ಬಚ್ಚಲಿಗೆ ಸುರಿದಿದ್ದೇನೆ. ಒಳಗೆ ನೆರಳಲ್ಲಿಟ್ಟ ಪೆಟ್ಟಿಗೆಯಿಂದ ತೆಗೆದುಕೊಡಿ ಅಂತ ಕೇಳಿ, ಕೊಡುತ್ತಾರೆ.